ಬೆಟ್ಟದ ಬೈಸಿಕಲ್ಲೂ ಕಾಡಿನ ಕಾಲುದಾರಿಯೂ

ಬೈಸಿಕಲ್ಲನ್ನು ಅರಿಯದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರು, ಆ ಕಾಲದ ಗಾಯದ ಗುರುತನ್ನು ಇಂದಿಗೂ ಮೊಣಕಾಲಿನಲ್ಲಿ ಹೊತ್ತಿರುವವರು, ಈ ಸಂಚಿಕೆಯನ್ನು ಓದುವ ತಂದೆತಾಯಂದಿರಲ್ಲಿಯೂ ಹಲವರು ಇದ್ದಾರು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಪೇಟೆಬೀದಿಯ ಸೈಕಲ್ಲಿನ ಮಾತನ್ನಲ್ಲ. ಡಾಮರು ರಸ್ತೆಯನ್ನು ಬಿಟ್ಟು, ಕಾಡಿನೊಳಗಣ ಕಾಲುದಾರಿಗಳಲ್ಲಿ ಬೇರುಬಂಡೆಗಳನ್ನು ದಾಟುತ್ತ, ಗುಡ್ಡವನ್ನು ಹತ್ತಿ ಇಳಿಯುವುದಕ್ಕೆಂದೇ ರಚಿತವಾದ ಇನ್ನೊಂದು ಬಗೆಯ ಬೈಸಿಕಲ್ಲುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಮೌಂಟನ್ ಬೈಕ್ ಎಂದು ಹೆಸರು. ನೆಲವನ್ನು ಕಚ್ಚಿ ಹಿಡಿಯುವ ಗುಬಟುಗಳುಳ್ಳ ಅಗಲವಾದ ಟೈರು, ನೇರವಾದ ಹ್ಯಾಂಡಲು, ಕಡಿದಾದ ಏರಿನಲ್ಲಿಯೂ ತುಳಿಯಲು ಸಾಧ್ಯವಾಗುವಂತೆ ಹಲವು ಗೇರುಗಳು, ಬಲವಾದ ಬ್ರೇಕು, ಮುಂಗಾಲಿಯ ಕವಲಿನಲ್ಲಿ ಕುಲುಕಾಟವನ್ನು ನುಂಗುವ ಸ್ಪ್ರಿಂಗು, ಇವು ಅದರ ಲಕ್ಷಣಗಳು. ಈ ಆಕಾರದ ಸೈಕಲ್ಲುಗಳು ಈಗ ನಮ್ಮ ಅಂಗಡಿಗಳಿಗೂ ಬಂದಿವೆ. ಮಕ್ಕಳು ಅದನ್ನು ಗೇರು ಸೈಕಲ್ಲು ಎನ್ನುತ್ತಾರೆ. ಅದು ಹುಟ್ಟಿದ ಬೆಟ್ಟ ಯಾವುದು, ಆ ಬೆಟ್ಟದಲ್ಲಿ ಅದರಿಂದ ಉಂಟಾದ ವ್ಯಾಜ್ಯವೇನು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಂತಿಲ್ಲ.

ಹತ್ತಾರು ಗೆಳೆಯರ ವಿನೋದವಾಗಿದ್ದುದು ಲಕ್ಷಾಂತರ ಜನರ ಕ್ರೀಡೆಯಾದಾಗ, ಆ ಕ್ರೀಡೆ ನಡೆಯುವ ನೆಲಕ್ಕೆ ಏನಾಗುವುದು? ಆ ಗೆಳೆತನಕ್ಕೆ ಏನಾಗುವುದು? ಮೇಲುನೋಟಕ್ಕೆ ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಆದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರ ಹೇಳಲಾಗದೆಂಬುದು ನಮ್ಮ ಅಭಿಪ್ರಾಯ.

ಅಮೇರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಕರಾವಳಿಯಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವಿದೆ. ಅಲ್ಲಿಯ ಸ್ಯಾನ್‌ಫ್ರಾನ್ಸಿಸ್ಕೊ ನಗರದಿಂದ ಸುಪ್ರಸಿದ್ಧವಾದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಹೋದರೆ ಮರಿನ್ ಎಂಬ ಜಿಲ್ಲೆ ಸಿಗುತ್ತದೆ. ಅದರ ನಡುವೆ ತಮಾಲ್‌ಪೈಸ್ ಎಂಬ ಬೆಟ್ಟ ನಿಂತಿದೆ. ಎತ್ತರ ೨,೫೭೧ ಅಡಿ. ಬೆಟ್ಟದ ಸುತ್ತಲಿನ ಗುಡ್ಡಗಳಲ್ಲಿ ಕಾಡುಗಿಚ್ಚನ್ನು ಆರಿಸುವ ವಾಹನಗಳು ಹೋಗಲೆಂದು ಕಡಿದ ಅಗಲವಾದ ಮಣ್ಣುರಸ್ತೆಗಳಿವೆ. ಕಾಲ್ನಡಿಗೆಯವರೂ ಕುದುರೆ ಸವಾರರೂ ಬಳಸುವ ಕಿರಿದಾದ ಕಾಲುದಾರಿಗಳೂ ಇವೆ. ೧೯೭೦ರ ದಶಕದಲ್ಲಿ ಆ ಪ್ರದೇಶದ ಕೆಲವು ಯುವಕರು ಹಳೆಯ ಸಾಮಾನಿನ ರಾಶಿಗಳಿಂದ ೧೯೩೦–೪೦ರ ಕಾಲದ ಭಾರಿ ಸೈಕಲ್ಲುಗಳನ್ನು ಹುಡುಕಿ ತಂದು, ಬೇಡದ ಬಿಡಿಭಾಗಗಳನ್ನು ಕಿತ್ತುಹಾಕಿ, ಈ ಮಣ್ಣುರಸ್ತೆಗಳಲ್ಲಿ ಇಳಿಸತೊಡಗಿದರು. ಶ್ವಿನ್ ಎಂಬ ಕಂಪೆನಿಯ ಎಕ್ಸೆಲ್ಸಿಯರ್ ಎಂಬ ಮಾದರಿಯು ಅವರಿಗೆ ಅಚ್ಚುಮೆಚ್ಚಿನದು. ಆ ಗುಜರಿ ಸೈಕಲ್ಲುಗಳಿಗೆ ಅವರಿಟ್ಟ ಹೆಸರು ಕ್ಲಂಕರ್ ಎಂದು.

೧೯೭೬ನೆಯ ಅಕ್ಟೋಬರ್ ೨೧ರಂದು ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಪಶ್ಚಿಮಕ್ಕಿರುವ ಪೈನ್ ಬೆಟ್ಟದ ಇಳಿಜಾರಿನಲ್ಲಿ ಈ ಗೆಳೆಯರು ಒಂದು ಪಂದ್ಯವನ್ನು ಏರ್ಪಡಿಸಿದರು. ದಾರಿ ಸುಮಾರು ೨ ಮೈಲು. ಇಳಿತ ಸುಮಾರು ೧,೩೦೦ ಅಡಿ. ಆ ಹಳೆಯ ಸೈಕಲ್ಲುಗಳಿಗೆ ಕೈಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಗಾಲಿಯ ಹಬ್ಬಿನೊಳಗೇ ಹಿಡಿತ ಬೀಳುವ ವ್ಯವಸ್ಥೆ ಅದು. ಎರಡು ಮೈಲುಗಳುದ್ದಕ್ಕೂ ಹಿಡಿದೇ ಇಳಿದರೆ ಹಬ್ಬು ಕಾದು, ಒಳಗಿನ ಗ್ರೀಸು ಕರಗಿ ಹೊಗೆಯಾಗಿ ಹೋಗುವುದು. ಆದುದರಿಂದ ಇಳಿದಾದ ಮೇಲೆ ಹಬ್ಬನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. 'ಮರಳಿ ತುಂಬು' ಎಂಬ ಅರ್ಥದ ರಿಪ್ಯಾಕ್ ಎಂಬ ಶಬ್ದವೇ ಆ ದಾರಿಗೂ ಆ ಪಂದ್ಯಕ್ಕೂ ಹೆಸರಾಯಿತು. ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ, ಜೋ ಬ್ರೀಜ್ ಮೊದಲಾದವರು ಈ ಗುಂಪಿನವರು. ಫಿಷರನು ಆ ದಾರಿಯನ್ನು ೪ ನಿಮಿಷ ೨೨ ಸೆಕೆಂಡುಗಳಲ್ಲಿ ಇಳಿದುದೇ ಅಲ್ಲಿಯ ದಾಖಲೆ. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇದರಿಂದ ವೇಗವನ್ನು ಲೆಕ್ಕಹಾಕಬಹುದು. ಗಂಟೆಗೆ ೨೭ ಮೈಲಿಗೆ ಸ್ವಲ್ಪ ಮೇಲೆ ಬರುವುದು. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುವುದು.

ಮುಂದಿನ ಬೆಳವಣಿಗೆಯನ್ನು ಚುಟುಕಾಗಿ ಹೇಳುವೆವು. ೧೯೭೭ರಲ್ಲಿ ಜೋ ಬ್ರೀಜನು ಗುಜರಿಯ ಸಾಮಾನನ್ನು ಬಿಟ್ಟು, ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದು ತಯಾರಿಸಿದನು. ಆತನು ಕಟ್ಟಿದ ಆ ಮೊದಲನೆಯ ಸೈಕಲ್ಲು ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದ ಸೊತ್ತು. ೧೯೭೯ರಲ್ಲಿ ಫಿಷರನೂ ಕೆಲ್ಲಿಯೂ ಕೂಡಿ ಅಂಗಡಿ ತೆರೆದರು. ಟಾಮ್ ರಿಚಿ ಎಂಬವನು ಅವರಿಗೆ ಚೌಕಟ್ಟುಗಳನ್ನು ಮಾಡಿಕೊಟ್ಟನು. ೧೯೮೧ರಲ್ಲಿ ಸ್ಪೆಷಲೈಜ್ಡ್ ಎಂಬ ಕಂಪೆನಿಯು ಸ್ಟಂಪ್‌ಜಂಪರ್ ಎಂಬ ಮಾದರಿಯನ್ನು ಜಪಾನಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿಸಿ ಮಾರಾಟಕ್ಕಿಟ್ಟಿತು. ಅಲ್ಲಿಂದಾಚೆಗೆ ಕೈಕೆಲಸವು ಕಾರಖಾನೆಯ ಕೆಲಸವಾಯಿತು. ೧೯೯೦ರಲ್ಲಿ ಕೊಲರಾಡೊ ಸಂಸ್ಥಾನದ ಡುರಾಂಗೊದಲ್ಲಿ ವಿಶ್ವ ಚಾಂಪಿಯನ್ ಪಂದ್ಯಗಳು, ೧೯೯೬ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಸ್ಥಾನ. ಮೊದಲ ಪಂದ್ಯದಿಂದ ಒಲಿಂಪಿಕ್ಸಿನವರೆಗೆ ಬರೇ ೨೦ ವರ್ಷ.

ಇನ್ನು ನೆಲದ ಮಾತು. ಸೈಕಲ್ಲುಗಳ ಸಂಖ್ಯೆ ಏರಿದಂತೆ ತಮಾಲ್‌ಪೈಸಿನ ಕಾಲುದಾರಿಗಳಲ್ಲಿ ನಡೆಯುವವರೂ ಕುದುರೆಯವರೂ ದೂರು ಹೇಳತೊಡಗಿದರು. ೧೯೮೦ರ ದಶಕದಲ್ಲಿ ಅಲ್ಲಿಯ ಕಿರಿದಾದ ಕಾಲುದಾರಿಗಳು ಸೈಕಲ್ಲುಗಳಿಗೆ ಬಹುಮಟ್ಟಿಗೆ ಮುಚ್ಚಿಹೋದುವು. ಅಗಲವಾದ ಮಣ್ಣುರಸ್ತೆಗಳಷ್ಟೇ ಉಳಿದುವು. ಅವುಗಳಲ್ಲಿಯೂ ವೇಗಕ್ಕೆ ಮಿತಿ ಬಂದಿತು: ಗಂಟೆಗೆ ೧೫ ಮೈಲು, ಎದುರು ಕಾಣದ ತಿರುವಿನಲ್ಲಿ ಮತ್ತು ಜನರನ್ನು ದಾಟುವಾಗ ೫ ಮೈಲು. ಈ ಮಿತಿಯನ್ನು ಪಾಲಿಸುವವನಿಗೆ ರಿಪ್ಯಾಕಿನ ಎರಡು ಮೈಲುಗಳನ್ನು ಇಳಿಯಲು ೮ ನಿಮಿಷ ಬೇಕು. ಫಿಷರನ ದಾಖಲೆಯು ಇಂದು ಯಾರೂ ಕಾನೂನುರೀತ್ಯಾ ಮುರಿಯಲಾಗದ ದಾಖಲೆ. ೧೯೮೪ರಲ್ಲಿ ದೇಶದ ಅರಣ್ಯ ಇಲಾಖೆಯೂ ಒಂದು ಕಟ್ಟುನಿಟ್ಟನ್ನು ಮಾಡಿತು: ೧೯೬೪ರ ಕಾಯಿದೆಯ ಮೇರೆಗೆ 'ವನ್ಯಪ್ರದೇಶ'ವೆಂದು ಕಾದಿರಿಸಿದ ಕಾಡುಗಳಲ್ಲಿ ಯಂತ್ರಸಹಾಯದ ಸಾಗಾಟವು ನಿಷಿದ್ಧವಾದುದರಿಂದ ಬೈಸಿಕಲ್ಲು ಕೂಡ ಅಲ್ಲಿಗೆ ಹೋಗಕೂಡದು. ಹೀಗೆ ಹುಟ್ಟಿದ ಊರಿನಲ್ಲಿಯೇ ಈ ಕ್ರೀಡೆಗೆ ಬಾಗಿಲು ಅರೆಮುಚ್ಚಿತು.

ದೂರಿನಲ್ಲಿ ಎರಡು ಅಂಶಗಳಿದ್ದುವು. ಸೈಕಲ್ಲುಗಳು ದಾರಿಯನ್ನು ಕೆಡಿಸುತ್ತವೆ ಎಂಬುದು ಒಂದು. ಸೈಕಲ್ಲಿನವರು ನಡೆಯುವವರನ್ನು ಹೆದರಿಸುತ್ತಾರೆ ಎಂಬುದು ಇನ್ನೊಂದು. ಮೊದಲನೆಯದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಏಕೆಂದರೆ ಇದು ಭೂಗೋಳದ ಪಾಠವೂ ಹೌದು.

ಗುಡ್ಡದ ದಾರಿಯ ಮೊದಲ ಶತ್ರು ಚಕ್ರವೂ ಅಲ್ಲ, ಕಾಲೂ ಅಲ್ಲ, ನೀರು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಗುಡ್ಡೆಯ ಓಣಿಗಳಲ್ಲಿ ನಡೆದು ಶಾಲೆಗೆ ಬರುವ ಮಕ್ಕಳಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ದಾರಿಯು ಗುಡ್ಡದ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ಇಳಿದರೆ, ಮಳೆಗಾಲದಲ್ಲಿ ಅದು ದಾರಿಯಾಗಿ ಉಳಿಯದೆ ತೋಡಾಗುವುದು. ಮೇಲಿನ ಮೆದುಮಣ್ಣು ಕೊಚ್ಚಿಹೋಗಿ ಮುರಕಲ್ಲು ಹಲ್ಲು ತೋರುವುದು. ಅದೇ ದಾರಿಯನ್ನು ಗುಡ್ಡದ ಪಕ್ಕೆಗೆ ಅಡ್ಡಲಾಗಿ, ನಕಾಶೆಯಲ್ಲಿ ಕಾಣುವ ಸಮೋನ್ನತ ರೇಖೆಗಳಿಗೆ ಹತ್ತಿರಹತ್ತಿರವಾಗಿ, ಬಳಸಿಕೊಂಡು ಒಯ್ದರೆ ನೀರು ದಾರಿಯನ್ನು ಹಿಡಿದು ಓಡುವುದಿಲ್ಲ. ಅಡ್ಡ ದಾಟಿ ಕೆಳಕ್ಕೆ ಇಳಿದುಹೋಗುವುದು.

ದಾರಿ ಕಡಿಯುವವರು ಇದಕ್ಕೆ ಒಂದು ಸುಲಭ ಸೂತ್ರವನ್ನು ಇಟ್ಟುಕೊಂಡಿದ್ದಾರೆ. ದಾರಿಯ ಇಳಿತವು ಗುಡ್ಡದ ಪಕ್ಕೆಯ ಇಳಿತದ ಅರ್ಧವನ್ನು ಮೀರಬಾರದು. ಗುಡ್ಡದ ಪಕ್ಕೆಯು ೧೦೦ ಅಡಿಗೆ ೧೬ ಅಡಿ ಇಳಿಯುವಂತಿದ್ದರೆ ದಾರಿಯು ೧೦೦ ಅಡಿಗೆ ೮ ಅಡಿಗಿಂತ ಹೆಚ್ಚು ಇಳಿಯಲಾಗದು. ಗುಡ್ಡವು ಎಷ್ಟೇ ಕಡಿದಾಗಿರಲಿ, ಇಡೀ ದಾರಿಯ ಸರಾಸರಿ ಇಳಿತವು ನೂರಕ್ಕೆ ಹತ್ತರೊಳಗೆ ಇದ್ದರೆ ಒಳ್ಳೆಯದು. ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಾಗಿರಬೇಕು. ಅಲ್ಲಲ್ಲಿ ಇಳಿಯುವ ದಾರಿಯನ್ನು ಒಂದೆರಡು ಮಾರು ಮೇಲಕ್ಕೇರಿಸಿ ಮತ್ತೆ ಇಳಿಸಬೇಕು. ಆ ತಗ್ಗಿನಲ್ಲಿ ನೀರು ಹೊರಬೀಳುವುದು. ಅಡಿಕೆತೋಟದಲ್ಲಿ ಕಣಿ ತೋಡುವ ನಮ್ಮ ಹಿರಿಯರು ಈ ಸೂತ್ರವನ್ನು ಕೇಳಿದರೆ, ಇದರಲ್ಲಿ ಹೊಸತೇನಿದೆ ಎಂದು ಕೇಳಿಯಾರು. ಅವರ ಪ್ರಶ್ನೆ ಸರಿಯಾದುದೇ. ಆದರೆ ತಮಾಲ್‌ಪೈಸಿನಂತಹ ಬೆಟ್ಟಗಳ ಹಳೆಯ ದಾರಿಗಳಲ್ಲಿ ಎಷ್ಟೋ ದಾರಿಗಳು ಯಾರೂ ಎಣಿಸಿ ಮಾಡಿದುವಲ್ಲ; ದನ, ಕುದುರೆ, ಮನುಷ್ಯ ನಡೆದು ಆದುವು. ಹತ್ತು ಜನರನ್ನು ತಾಳಿಕೊಂಡಿದ್ದ ಅಂತಹ ದಾರಿಯು ಸಾವಿರ ಜನರನ್ನು ತಾಳಲಾರದು.

ಚಕ್ರವು ಮಾಡುವ ಕೆಡುಕು ನೀರಿನ ಕೆಡುಕಿಗೆ ಸಹಾಯಕವಾದುದು. ಹಸಿಮಣ್ಣಿನ ಮೇಲೆ ಟೈರು ಹೋದರೆ ಉದ್ದಕ್ಕೂ ಒಂದು ಗೀರು ಬೀಳುತ್ತದೆ. ಕಾಲಿನ ಹೆಜ್ಜೆಯು ಬಿಡಿಬಿಡಿಯಾದ ಗುಳಿ. ಅಲ್ಲಿ ನೀರು ನಿಲ್ಲುವುದು. ಚಕ್ರದ ಗೀರಾದರೋ ತುಂಡಾಗದ ಕಾಲುವೆ. ಅಲ್ಲಿ ನೀರು ಓಡುವುದು. ಇನ್ನು ಬ್ರೇಕು. ನುರಿತ ಸವಾರನು ಚಕ್ರ ಉರುಳುತ್ತಿರುವಂತೆಯೇ ವೇಗವನ್ನು ತಗ್ಗಿಸುವನು. ನುರಿಯದವನು ಹಿಂದಿನ ಬ್ರೇಕನ್ನು ಒಮ್ಮೆಲೇ ಅದುಮುವನು; ಚಕ್ರವು ತಿರುಗದೆ ನೇಗಿಲಿನಂತೆ ನೆಲವನ್ನು ಉಳುತ್ತ ಜಾರುವುದು. ಪ್ರತಿಯೊಂದು ತಿರುವಿನ ಮುಂದೆಯೂ ಎಲ್ಲರೂ ಒಂದೇ ಸ್ಥಳದಲ್ಲಿ ಬ್ರೇಕು ಹಿಡಿಯುವುದರಿಂದ, ಅಲ್ಲಿ ಅಲೆಯಲೆಯಾದ ಉಬ್ಬುತಗ್ಗುಗಳು ಏಳುವುವು. ಮಧ್ಯದಲ್ಲಿ ಕೆಸರು ಕಂಡರೆ ಕೆಲವರು ಪಕ್ಕದ ಹುಲ್ಲನ್ನು ತುಳಿದು ದಾಟುವರು. ಮಾರನೆಯ ದಿನ ಆ ಪಕ್ಕವೂ ಕೆಸರಾಗಿರುವುದು, ಮೂರನೆಯ ದಿನ ಇನ್ನೂ ಆಚೆ. ಮೂರು ಅಡಿಯ ದಾರಿ ಹನ್ನೆರಡು ಅಡಿಯ ರೊಚ್ಚಾಗುವುದು ಹೀಗೆ. ಇವರಲ್ಲಿ ಯಾವನೊಬ್ಬನೂ ದಾರಿಯನ್ನು ಕೆಡಿಸಿದೆನೆಂದು ಭಾವಿಸಿರುವುದಿಲ್ಲ. ತಾನು ಒಬ್ಬನೇ ಹೋದಂತೆ, ಒಂದೇ ಸಲ ಹೋದಂತೆ ಪ್ರತಿಯೊಬ್ಬನಿಗೂ ತೋರುವುದು.

ಹಾಗಾದರೆ ದೂರು ನಿಜವೇ? ಕೆಲವು ವಿದ್ವಾಂಸರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ವಿಲ್ಸನ್ ಮತ್ತು ಸೀನಿ ಎಂಬಿಬ್ಬರು ಅಮೇರಿಕದ ಮೊಂಟಾನಾ ಸಂಸ್ಥಾನದ ಬೆಟ್ಟದಾರಿಗಳಲ್ಲಿ ನಡೆಯುವವರನ್ನು, ಕುದುರೆಗಳನ್ನು, ಮೋಟಾರು ಸೈಕಲ್ಲುಗಳನ್ನು, ಬೈಸಿಕಲ್ಲುಗಳನ್ನು ಬೇರೆ ಬೇರೆಯಾಗಿ ಓಡಾಡಿಸಿ, ಆ ಮೇಲೆ ಕೃತಕವಾಗಿ ಮಳೆ ಸುರಿಸಿ, ಎಷ್ಟು ಮಣ್ಣು ಕೊಚ್ಚಿಹೋಗುವುದೆಂದು ಅಳೆದರು. ೧೯೯೪ರಲ್ಲಿ ಪ್ರಕಟವಾದ ಅವರ ನಿರ್ಣಯದಂತೆ, ಕುದುರೆಗಳೂ ನಡೆಯುವವರೂ ಸಡಿಲಿಸಿದ ಮಣ್ಣು ಚಕ್ರಗಳು ಸಡಿಲಿಸಿದುದಕ್ಕಿಂತ ಹೆಚ್ಚು! ಕೆನಡಾದ ಒಂಟೇರಿಯೊ ಪ್ರಾಂತದ ಒಂದು ಉದ್ಯಾನವನದಲ್ಲಿ ಥರ್ಸ್‌ಟನ್ ಮತ್ತು ರೀಡರ್ ಎಂಬವರು, ಯಾರೂ ತುಳಿಯದ ಕಾಡಿನ ನೆಲದ ಮೇಲೆ ೫೦೦ ಬಾರಿಯವರೆಗೆ ಜನರನ್ನು ನಡೆಯಿಸಿಯೂ ಸೈಕಲ್ಲು ಓಡಿಸಿಯೂ ಗಿಡಗಂಟಿಗಳ ನಷ್ಟವನ್ನು ಲೆಕ್ಕವಿಟ್ಟರು. ೨೦೦೧ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಈ ಎರಡರ ನಡುವೆ ಗಣನೀಯ ವ್ಯತ್ಯಾಸವಿಲ್ಲವೆಂದೂ, ತುಳಿತ ನಿಂತು ಒಂದು ವರ್ಷ ಕಳೆದ ಮೇಲೆ ಗಿಡಗಳು ಬಹುಮಟ್ಟಿಗೆ ಚೇತರಿಸಿಕೊಂಡುವೆಂದೂ ಇದೆ.

ಸವಾರರು ಈ ಲೇಖನಗಳನ್ನು ಬಲು ಉತ್ಸಾಹದಿಂದ ಎತ್ತಿ ತೋರಿಸುವರು. ಅವರ ಉತ್ಸಾಹದಲ್ಲಿ ಅರ್ಧದಷ್ಟನ್ನು ಮಾತ್ರ ನಾವು ಒಪ್ಪುವೆವು. ಒಂದು ಬಾರಿ ಹೋದ ಕಾಲಿಗೂ ಒಂದು ಬಾರಿ ಹೋದ ಚಕ್ರಕ್ಕೂ ಅಳತೆ ಸಮನಾದರೂ, ಒಂದು ಗಂಟೆಯಲ್ಲಿ ಮೂರು ಮೈಲು ನಡೆಯುವವನೂ ಹತ್ತು ಮೈಲು ತುಳಿಯುವವನೂ ನೆಲದ ಲೆಕ್ಕದಲ್ಲಿ ಸಮಾನರಲ್ಲ. ಪರೀಕ್ಷೆಗೆಂದು ಕರೆದಾಗ ಮೆಲ್ಲನೆ ಹೋಗುವವನು, ಯಾರೂ ನೋಡದಿರುವಾಗ ತಿರುವಿನಲ್ಲಿ ಚಕ್ರ ಜಾರಿಸದಿರುವನೇ? ಆದರೂ ಚಕ್ರವೇ ದಾರಿಯ ಯಮನೆಂಬ ಮಾತು ನಿಲ್ಲದು. ಒಳ್ಳೆಯ ರೀತಿಯಲ್ಲಿ ಕಡಿದ ದಾರಿಯು ಎರಡನ್ನೂ ತಾಳುವುದು, ಕೆಟ್ಟ ದಾರಿಯು ಎರಡರಿಂದಲೂ ಕೆಡುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಣ್ಣಿನ ವಾದವನ್ನು ಸವಾರರು ಗೆದ್ದರೂ ನಡೆಯುವವರ ಅಸಮಾಧಾನ ಶಮನವಾಗಲಿಲ್ಲ. ಏಕೆಂದರೆ ಅವರ ನಿಜವಾದ ದುಃಖ ಮಣ್ಣಿನದಾಗಿರಲಿಲ್ಲ. ಮೌನವಾದ ಕಾಡಿನಲ್ಲಿ, ಮೊಮ್ಮಗುವಿನ ಕೈಹಿಡಿದು ನಡೆಯುವ ಒಬ್ಬ ಅಜ್ಜಿಯ ಬೆನ್ನ ಹಿಂದಿನಿಂದ, ಸದ್ದಿಲ್ಲದ ಒಂದು ಚಕ್ರವು ಗಾಳಿಯಂತೆ ಬಂದು ಮೈಗೆ ತಾಗುವಷ್ಟು ಹತ್ತಿರ ಹಾದುಹೋದರೆ ಏನಾಗುವುದೆಂದು ಊಹಿಸಿಕೊಳ್ಳಿ. ಆಕೆಗೆ ಏಟು ಬಿದ್ದಿಲ್ಲ, ನಿಜ. ಆದರೆ ಮುಂದಿನ ವಾರ ಆಕೆ ಆ ದಾರಿಗೆ ಬರಲಾರಳು. ಕುದುರೆಯ ಸ್ಥಿತಿ ಇನ್ನೂ ಕಷ್ಟದ್ದು. ಬೆದರಿದ ಕುದುರೆಯು ಸವಾರನನ್ನು ಕೆಡಹಿ ಓಡೀತು. ಈ ಭಯವನ್ನು ಇಷ್ಟು ಮಣ್ಣು, ಇಷ್ಟು ಹುಲ್ಲು ಎಂದು ಅಳೆದು ತೋರಿಸುವುದು ಕಷ್ಟ. ಆದುದರಿಂದ ಸಭೆಗಳಲ್ಲಿ ಮಣ್ಣನ್ನೇ ಮುಂದೆ ಮಾಡಿ ವಾದಿಸಿದರು. ಒಂದು ಪಕ್ಷವು ಮಣ್ಣಿನ ಹೆಸರಿನಲ್ಲಿ ಭಯವನ್ನು ಹೇಳಿತು; ಇನ್ನೊಂದು ಪಕ್ಷವು ಮಣ್ಣಿಗೆ ಮಾತ್ರ ಉತ್ತರ ಕೊಟ್ಟಿತು. ಇಂತಹ ವ್ಯಾಜ್ಯಗಳು ಬೇಗನೆ ಮುಗಿಯುವುದಿಲ್ಲ.

ಇದನ್ನು ಅರಿತ ಸವಾರರೂ ಇದ್ದರು. ದಾರಿಗಳು ಒಂದೊಂದಾಗಿ ಮುಚ್ಚುತ್ತಿರುವುದನ್ನು ಕಂಡು, ಕ್ಯಾಲಿಫೋರ್ನಿಯಾದ ಕೆಲವು ಸವಾರ ಸಂಘಗಳು ೧೯೮೮ರಲ್ಲಿ ಒಟ್ಟುಗೂಡಿ ಅಂತಾರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಘವನ್ನು ಸ್ಥಾಪಿಸಿದುವು. ಆ ಸಂಘವು ಬೋಧಿಸುವ ನಡವಳಿಕೆಯ ನಿಯಮಗಳು ಕೆಲವೇ: ತೆರೆದಿರುವ ದಾರಿಯಲ್ಲಿ ಮಾತ್ರ ಹೋಗು, ಹೋದ ಗುರುತನ್ನು ಉಳಿಸಬೇಡ, ಸೈಕಲ್ಲನ್ನು ಹತೋಟಿಯಲ್ಲಿಡು, ಇತರರಿಗೆ ದಾರಿ ಬಿಡು, ಪ್ರಾಣಿಗಳನ್ನು ಬೆದರಿಸಬೇಡ, ಹೊರಡುವ ಮುನ್ನ ಸಿದ್ಧತೆ ಮಾಡಿಕೊ. ದಾರಿ ಬಿಡುವುದರಲ್ಲಿಯೂ ಕ್ರಮವಿದೆ. ಸವಾರನು ನಡೆಯುವವನಿಗೂ ಕುದುರೆಗೂ ದಾರಿ ಬಿಡಬೇಕು. ಇಬ್ಬರು ಸವಾರರು ಎದುರಾದರೆ ಇಳಿಯುವವನು ಹತ್ತುವವನಿಗೆ ಬಿಡಬೇಕು. ಹತ್ತುವವನು ಒಮ್ಮೆ ನಿಂತರೆ ಕಡಿದಾದ ಏರಿನಲ್ಲಿ ಮತ್ತೆ ಹೊರಡುವುದು ಬಲು ಪ್ರಯಾಸ. ಕುದುರೆ ಎದುರಾದಾಗ ಇಳಿದು, ದಾರಿಯ ತಗ್ಗಿನ ಪಕ್ಕದಲ್ಲಿ ನಿಂತು, ಸಮಾಧಾನದ ದನಿಯಲ್ಲಿ ಮಾತನಾಡಬೇಕು. ಮೇಲಿನಿಂದ ಎರಗುವುದು ಹಿಂಸ್ರಪ್ರಾಣಿಯೆಂಬ ಭಯ ಕುದುರೆಗೆ ಹುಟ್ಟುಗುಣ, ಮನುಷ್ಯನ ದನಿ ಕೇಳಿದರೆ ಅದಕ್ಕೆ ಧೈರ್ಯ ಬರುವುದು. ನಮ್ಮ ಕಟ್ಟಪುಣಿಯ ಮೇಲೆ ತಲೆಹೊರೆಯವರು ಎದುರಾದಾಗ ಬರಿಗೈಯವರು ಗದ್ದೆಗೆ ಇಳಿದು ನಿಲ್ಲುವ ರೂಢಿಯು ನೆನಪಾಗದಿರದು.

ಈಗ ಗೆಳೆತನದ ಮಾತಿಗೆ ಬರುವೆವು. ರಿಪ್ಯಾಕಿನ ಕಾಲದಲ್ಲಿ ಬೆಟ್ಟದಲ್ಲಿ ಇನ್ನೊಬ್ಬ ಸವಾರನನ್ನು ಕಂಡರೆ ಆತನು ಪರಿಚಿತನೇ ಆಗಿರುತ್ತಿದ್ದನು. ಒಬ್ಬನ ಟ್ಯೂಬು ಒಡೆದರೆ ಉಳಿದವರು ನಿಲ್ಲುವರು. ಒಬ್ಬನ ಚೈನು ಕಡಿದರೆ ಇನ್ನೊಬ್ಬನ ಚೀಲದಲ್ಲಿ ಕೊಂಡಿ ಇರುವುದು. ಕಾಡಿನಲ್ಲಿ ಅಂಗಡಿಯಿಲ್ಲ; ಆದುದರಿಂದ ಸ್ನೇಹವು ಅಲ್ಲಿ ಅಲಂಕಾರವಾಗಿರದೆ ಅವಶ್ಯಕತೆಯಾಗಿತ್ತು. ಇಂದಿಗೂ ದೂರದ ದಾರಿಗಳಲ್ಲಿ, ಕುಳಿತಿರುವ ಸವಾರನನ್ನು ಕಂಡ ಇನ್ನೊಬ್ಬ ಸವಾರನು 'ಎಲ್ಲ ಸರಿಯಿದೆಯೇ?' ಎಂದು ಕೇಳದೆ ಮುಂದೆ ಹೋಗುವುದು ಅಸಭ್ಯತೆಯೆನಿಸಿದೆ. ಆದರೆ ಭಾನುವಾರ ಬೆಳಿಗ್ಗೆ ಮೋಟಾರು ನಿಲ್ಲಿಸಲು ಸ್ಥಳವಿಲ್ಲದಷ್ಟು ಜನ ಬಂದು ಸೇರುವ ದಾರಿಗಳಲ್ಲಿ ಯಾರು ಯಾರನ್ನು ಕೇಳುವುದು? ಹತ್ತು ಜನರಿಗೆ ನಮಸ್ಕಾರ ಹೇಳಬಹುದು. ಇನ್ನೂರು ಜನರಿಗೆ ಹೇಳುತ್ತ ಹೋದರೆ ತುಳಿಯುವುದು ಯಾವಾಗ?

ಜನಸಂಖ್ಯೆಯೊಂದೇ ಕಾರಣವಲ್ಲ. ೨೦೦೯ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆರಂಭವಾದ ಸ್ಟ್ರಾವಾ ಎಂಬ ಸಾಧನವು ಸವಾರನ ಜೇಬಿನ ಫೋನಿನ ಮೂಲಕ ಆತನು ದಾರಿಯ ಪ್ರತಿಯೊಂದು ತುಂಡನ್ನೂ ಎಷ್ಟು ಸೆಕೆಂಡುಗಳಲ್ಲಿ ದಾಟಿದನೆಂದು ಬರೆದಿಟ್ಟು, ಅದೇ ದಾರಿಯಲ್ಲಿ ಹೋದ ಉಳಿದವರೊಡನೆ ಹೋಲಿಸಿ ಪಟ್ಟಿ ಕೊಡುತ್ತದೆ. ಹಿಂದೆ ಪಂದ್ಯಕ್ಕೆ ಒಂದು ದಿನವಿತ್ತು, ಪ್ರತಿಸ್ಪರ್ಧಿಗೆ ಮುಖವಿತ್ತು. ಈಗ ಪಂದ್ಯವು ದಿನದಿನವೂ ಇದೆ; ಪ್ರತಿಸ್ಪರ್ಧಿಯು ಪಟ್ಟಿಯೊಳಗಿನ ಒಂದು ಹೆಸರು. ಕಾಣದ ಅವನೊಡನೆ ಸ್ಪರ್ಧಿಸುವವನಿಗೆ, ಟ್ಯೂಬು ಒಡೆದು ದಾರಿಯ ಪಕ್ಕದಲ್ಲಿ ಕುಳಿತವನಿಗಾಗಿ ನಿಲ್ಲುವುದು ನಷ್ಟದ ಬಾಬತ್ತು. ತಿರುವನ್ನು ಬಳಸದೆ ಅಡ್ಡಕೊಯ್ದು ಎರಡು ಸೆಕೆಂಡು ಉಳಿಸುವ ಆಸೆಯೂ ಅಲ್ಲಿಯೇ ಹುಟ್ಟುವುದು. ಅಡ್ಡಕೊಯ್ದ ಗೀರಿನಲ್ಲಿ ಮುಂದಿನ ಮಳೆಯ ನೀರು ಹರಿಯುವುದು. ನೆಲವೂ ಸ್ನೇಹವೂ ಒಟ್ಟಿಗೇ ಸವೆಯುವುದು ಇಂತಹ ಸ್ಥಳದಲ್ಲಿ.

೨೦೨೦ರ ಮಹಾಮಾರಿಯ ಕಾಲದಲ್ಲಿ ಮನೆಯೊಳಗೆ ಕುಳಿತು ಬೇಸತ್ತ ಜನ ಬೈಸಿಕಲ್ಲಿಗೆ ಮುಗಿಬಿದ್ದುದರಿಂದ ಹಲವು ದೇಶಗಳ ಅಂಗಡಿಗಳಲ್ಲಿ ಸರಕೇ ಇಲ್ಲವಾಯಿತು. ಆ ಹೊಸಬರಲ್ಲಿ ಬಹುಮಂದಿ ಯಾವ ಹಿರಿಯ ಸವಾರನ ಜೊತೆಯಲ್ಲಿಯೂ ಹೋಗಿ ಕಲಿತವರಲ್ಲ. ದಾರಿ ಬಿಡುವ ಕ್ರಮವನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳದೆ ತಪ್ಪು ಹಿಡಿಯುವುದು ನ್ಯಾಯವಲ್ಲ. ಈ ನಡುವೆ ವಿದ್ಯುತ್ ಮೋಟಾರಿನ ನೆರವುಳ್ಳ ಬೆಟ್ಟದ ಸೈಕಲ್ಲುಗಳೂ ಬಂದಿವೆ. ಯೂರೋಪಿನ ನಿಯಮದಂತೆ ಗಂಟೆಗೆ ೨೫ ಕಿಲೋಮೀಟರಿನ ವರೆಗೆ ಮಾತ್ರ ಮೋಟಾರು ನೆರವಾಗುವುದು. ಅಮೇರಿಕದಲ್ಲಿ ಮೊದಲ ವರ್ಗದವುಗಳಿಗೆ ೨೦ ಮೈಲು, ಎಂದರೆ ೩೨ ಕಿಲೋಮೀಟರು. ಹಳಬರಲ್ಲಿ ಕೆಲವರು ಇವರನ್ನು ಸವಾರರೆಂದೇ ಎಣಿಸುವುದಿಲ್ಲ. ಬೆವರು ಸುರಿಸದೆ ಶಿಖರ ಕಂಡವನಿಗೆ ಶಿಖರದ ಹಕ್ಕಿಲ್ಲವೆಂಬ ಈ ಬಿಗುಮಾನವು ನಮಗೆ ಸರಿತೋರದು. ಮಂಡಿನೋವಿನ ತಂದೆಯು ಮಗಳ ಜೊತೆಯಲ್ಲಿ ಗುಡ್ಡ ಹತ್ತುವುದಾದರೆ ಮೋಟಾರಿಗೆ ಕೃತಜ್ಞರಾಗೋಣ. ಆದರೆ ಒಂದು ಮಾತಂತೂ ಉಂಟು: ಹಿಂದೆ ಏರು ದಾರಿಯು ತಾನೇ ಕಾವಲುಗಾರನಾಗಿತ್ತು, ದಣಿವು ಎಷ್ಟೋ ಜನರನ್ನು ಅರ್ಧದಲ್ಲಿಯೇ ಹಿಂದಿರುಗಿಸುತ್ತಿತ್ತು. ಆ ಕಾವಲು ಈಗ ಇಲ್ಲ.

ಜನದಟ್ಟಣೆಗೆ ಕೆಲವು ದೇಶಗಳು ಕಂಡುಕೊಂಡ ಪರಿಹಾರವೆಂದರೆ ಸೈಕಲ್ಲಿಗೆಂದೇ ಬೇರೆ ದಾರಿ ಕಟ್ಟುವುದು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಕೋಯ್ಡ್ ಅ ಬ್ರೆನಿನ್ ಎಂಬ ಕಾಡಿನಲ್ಲಿ ೧೯೯೦ರ ದಶಕದಲ್ಲಿ ಹೀಗೆ ಕಲ್ಲು ಹಾಸಿ, ಗುರುತಿನ ಕಂಬ ನೆಟ್ಟು, ಎಂತಹ ಮಳೆಗೂ ಕೆಡದ ದಾರಿಗಳನ್ನು ನಿರ್ಮಿಸಿದರು. ಆ ದೇಶದಲ್ಲಿ ಇದೇ ಮೊದಲನೆಯದು. ದೂರದೂರದಿಂದ ಜನ ಬಂದರು. ಮಣ್ಣಿನ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ನಡೆಯುವವರ ಭಯಕ್ಕೂ ಉತ್ತರ. ಆದರೆ ಅಲ್ಲಿಗೆ ಬಂದವನು ಮೋಟಾರು ನಿಲ್ಲಿಸುವ ಶುಲ್ಕ ಕೊಟ್ಟು, ಸವಾರಿ ಮಾಡಿ, ಹಿಂದಿರುಗುವನು. ದಾರಿಯೊಡನೆ ಅವನ ಸಂಬಂಧ ಅಲ್ಲಿಗೆ ಮುಗಿಯಿತು. ಸವಾರರು ಕುಳಿತು ಹರಟುತ್ತಿದ್ದುದು ಅಲ್ಲಿಯ ಉಪಾಹಾರಗೃಹದಲ್ಲಿ. ೨೦೨೫ರ ಮಾರ್ಚಿ ಕೊನೆಯಲ್ಲಿ, ಖರ್ಚಿನ ಕಾರಣದಿಂದ, ಆಡಳಿತವು ಅದನ್ನು ಮುಚ್ಚಿದಾಗ ದಾರಿಗಳು ತೆರೆದೇ ಇದ್ದರೂ ಸವಾರರು ಬಹಳ ಮರುಗಿದರು. ದಾರಿಯಷ್ಟೇ ಸಾಲದು, ಕುಳಿತುಕೊಳ್ಳಲು ಒಂದು ಜಗಲಿಯೂ ಬೇಕೆಂಬುದು ಅವರ ಮರುಕದಿಂದಲೇ ತಿಳಿಯುವುದು.

ಇನ್ನೊಂದು ಬಗೆಯ ಉತ್ತರವು ಕೆನಡಾದ ವ್ಯಾಂಕೂವರ್ ನಗರದ ಉತ್ತರದಂಡೆಯ ಬೆಟ್ಟಗಳಲ್ಲಿದೆ. ಫ್ರಾಮ್, ಸೀಮೋರ್ ಮೊದಲಾದ ಈ ಬೆಟ್ಟಗಳು ಮಳೆಕಾಡುಗಳು. ಚಳಿಗಾಲದುದ್ದಕ್ಕೂ ಮಳೆ, ನೆಲವೆಲ್ಲ ಬೇರು, ಪಾಚಿ, ಕರಿಮಣ್ಣು. ೧೯೮೦–೯೦ರ ದಶಕಗಳಲ್ಲಿ ಅಲ್ಲಿಯ ಕೆಲವೇ ಮಂದಿ, ಯಾರ ಅಪ್ಪಣೆಯನ್ನೂ ಕೇಳದೆ, ಬಿದ್ದ ದೇವದಾರು ಮರಗಳನ್ನು ಸೀಳಿ ಏಣಿಯಂತಹ ಸೇತುವೆಗಳನ್ನು ಕಟ್ಟಿ, ಕೆಸರನ್ನು ದಾಟುವ ವಿಚಿತ್ರ ದಾರಿಗಳನ್ನು ಮಾಡಿದರು. ಅವುಗಳ ಕೀರ್ತಿ ಲೋಕವೆಲ್ಲ ಹಬ್ಬಿತು. ಕೀರ್ತಿಯ ಹಿಂದೆ ಜನ ಬಂದರು. ಜನರ ಹಿಂದೆ ದೂರು ಬಂದಿತು. ತಮಾಲ್‌ಪೈಸಿನಂತೆ ಇಲ್ಲಿಯೂ ದಾರಿಗ��ು ಮುಚ್ಚುವ ಸಂಭವವುಂಟಾಯಿತು. ೧೯೯೭ರಲ್ಲಿ ಸವಾರರು ಉತ್ತರದಂಡೆಯ ಮೌಂಟನ್ ಬೈಕ್ ಸಂಘವನ್ನು ಕಟ್ಟಿಕೊಂಡು, ನೆಲದ ಒಡೆಯರಾದ ಪೌರಾಡಳಿತದವರ ಮುಂದೆ ವಾದಿಸುವುದರ ಜೊತೆಗೆ, ಹಾರೆ ಪಿಕ್ಕಾಸುಗಳನ್ನು ಕೈಗೆತ್ತಿಕೊಂಡರು.

ನಮ್ಮಲ್ಲಿ ಶ್ರಮದಾನವೆನ್ನುವುದು ಇದನ್ನೇ. ಗೊತ್ತಾದ ದಿನ ಸವಾರರು ಸೈಕಲ್ಲು ಬಿಟ್ಟು ಬರಿಗಾಲ್ನಡಿಗೆಯಲ್ಲಿ ಸೇರುವರು. ವರ್ಷಗಟ್ಟಲೆ ಆ ಕೆಲಸ ಮಾಡಿದ ಹಳಬನೊಬ್ಬನು ಹೊಸಬರಿಗೆ ನೀರಿನ ಹಾದಿಯನ್ನು ತೋರಿಸುವನು. ಮೇಲಿನ ಕೊಳೆತ ಎಲೆಮಣ್ಣನ್ನು ಬುಟ್ಟಿಯಲ್ಲಿ ತೆಗೆದು ಹೊರಹಾಕುವರು. ಕೆಳಗಿನ ಗಟ್ಟಿಮಣ್ಣನ್ನು ಅಗೆದು ತಂದು ತುಂಬುವರು. ಕೆಸರು ನಿಲ್ಲುವಲ್ಲಿ ಚಪ್ಪಟೆಗಲ್ಲುಗಳನ್ನು ನೆಟ್ಟಗೆ, ಒಂದಕ್ಕೊಂದು ಒತ್ತಾಗಿ ಹೂಳುವರು. ಹೊರ ಅಂಚನ್ನು ಕಡಿದು ತಗ್ಗಿಸುವರು. ಇಳಿಯುವುದಕ್ಕೆ ಮೂರು ನಿಮಿಷ ಸಾಕಾಗುವ ದಾರಿಯಲ್ಲಿ ಹತ್ತು ಜನರ ಒಂದು ದಿನದ ಕೆಲಸ ಕೆಲವೇ ಮಾರು. ಅಗೆಯದವನು ಓಡಿಸಬಾರದೆಂಬ ಅರ್ಥದ ಒಂದು ನುಡಿಗಟ್ಟು ಸವಾರರ ಲೋಕದಲ್ಲಿ ಬಳಕೆಯಲ್ಲಿದೆ. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಓಡಿಸುವವರ ಸಂಖ್ಯೆಗೆ ಹೋಲಿಸಿದರೆ ಅಗೆಯುವವರು ಎಲ್ಲಿಯೂ ಕಡಮೆಯೇ. ಆದರೂ ಒಂದು ದಿನ ಕಲ್ಲು ಹೊತ್ತವನು ಮರುದಿನ ಅದೇ ತಿರುವಿನಲ್ಲಿ ಚಕ್ರ ಜಾರಿಸಲಾರನು. ಆ ಕಲ್ಲಿನ ಇನ್ನೊಂದು ತುದಿಯನ್ನು ಹಿಡಿದವನ ಹೆಸರು ಅವನಿಗೆ ಗೊತ್ತು. ರಿಪ್ಯಾಕಿನ ಕಾಲದಲ್ಲಿ ಸವಾರಿಯಿಂದಲೇ ದೊರೆಯುತ್ತಿದ್ದ ಪರಿಚಯವು ಈಗ ಹಾರೆಯ ಹಿಡಿಯಲ್ಲಿ ದೊರೆಯುತ್ತಿದೆ ಎನ್ನಬಹುದು.

ಶಾಲಾಮಕ್ಕಳೂ ನಡೆಯುವವರೂ ಈ ಕೆಲಸಕ್ಕೆ ಬರುವುದುಂಟು. ಕೆಲವು ದಾರಿಗಳನ್ನು ಅಂಗಡಿಯವರೋ ಒಂದು ಸಂಸ್ಥೆಯವರೋ ದತ್ತು ತೆಗೆದುಕೊಂಡು ಖರ್ಚು ಕೊಡುವ ಪದ್ಧತಿಯೂ ಇದೆ. ಕೆಲಸ ಮುಗಿದ ಕೂಡಲೇ ಆ ದಾರಿಯಲ್ಲಿ ಸವಾರಿ ಮಾಡಲು ಬಿಡುವುದಿಲ್ಲ. ಹೊಸಮಣ್ಣು ಕುಳಿತುಕೊಳ್ಳಬೇಕು. ಅನುಭವಿಗಳಾದವರು ಮುಂದಿನ ದೊಡ್ಡ ಮಳೆಯನ್ನು ಕಾದು, ಮಳೆ ಹೊಯ್ಯುತ್ತಿರುವಾಗಲೇ ಕೊಡೆ ಹಿಡಿದೋ ನೆನೆದೋ ಆ ದಾರಿಯುದ್ದಕ್ಕೂ ನಡೆದು ಬರುವರು. ನೀರು ಎಲ್ಲಿ ಹೊರಬೀಳುತ್ತಿದೆ, ಎಲ್ಲಿ ಇನ್ನೂ ನಿಂತಿದೆ ಎಂದು ನೋಡಿ, ನಿಂತ ಕಡೆಯಲ್ಲಿ ಕೋಲಿನಿಂದ ಒಂದು ಗೀರೆಳೆದು ಗುರುತಿಟ್ಟು, ಮುಂದಿನ ಸಲಕ್ಕೆ ಅಲ್ಲಿಂದ ಕೆಲಸ ಆರಂಭಿಸುವರು.